ಹಿಂಗಾರಿ ವಯಸ್ಸು

ವಿಜಯಪುರದಲ್ಲಿ ನಿವೃತ್ತರೂ ಕಾಲೇಜಿನ ಹುಡುಗ ಹುಡುಗಿಯರೂ ಒಟ್ಟಿಗೆ ಕೂತಿದ್ದ ಸಭೆಯೊಂದರಲ್ಲಿ ‘ಬದುಕಿನ ಋತುಗಳು’ ಎಂಬ ವಿಷಯದ ಮೇಲೆ ಆಡಿದ ಮಾತಿದು. ಬರಹಕ್ಕಿಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ಶರಣು.

ಈ ವಿಷಯದ ಮೇಲೆ ಯಾರು ಬೇಕಾದರೂ ಎದ್ದು ನಿಂತು ಹತ್ತು ನಿಮಿಷ ಮಾತಾಡಬಹುದು. ಬಾಲ್ಯ ವಸಂತ, ಹರೆಯ ಬೇಸಿಗೆ, ನಡುವಯಸ್ಸು ಎಲೆ ಉದುರುವ ಕಾಲ, ಮುಪ್ಪು ಚಳಿಗಾಲ. ಶಾಲೆಯ ನಿಬಂಧದಲ್ಲೂ ಇದೇ, ಬೀಳ್ಕೊಡುಗೆ ಸಮಾರಂಭದಲ್ಲೂ ಇದೇ, ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪಿಗೆ ಬಂದು ಬೀಳುವ ಸೂರ್ಯೋದಯದ ಚಿತ್ರಗಳ ಕೆಳಗೂ ಇದೇ. ಕೇಳಿ ಕೇಳಿ ನಮಗೆ ಇದು ಪ್ರಕೃತಿಯೇ ಬರೆದುಕೊಟ್ಟ ಸತ್ಯ ಅನ್ನಿಸಿಬಿಟ್ಟಿದೆ. ನನ್ನದು ಒಂದೇ ತಕರಾರು. ಈ ಲೆಕ್ಕ ಯಾವ ಊರಿನದು? ವಿಜಯಪುರದ್ದಂತೂ ಅಲ್ಲ. ಡೋಣಿ ಹೊಳೆಯ ದಂಡೆಯ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ನಿಂತು ನೋಡಿದವರು ಯಾರೂ ಮುಪ್ಪನ್ನು ಚಳಿಗಾಲಕ್ಕೆ ಹೋಲಿಸಿ ಅಳುತ್ತ ಕೂಡುತ್ತಿರಲಿಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ರೋಮಿನ ಕವಿ ಓವಿಡ್ ಸುಮಾರು ಎರಡು ಸಾವಿರ ವರ್ಷದ ಹಿಂದೆ ಬರೆದ ದೊಡ್ಡ ಕಾವ್ಯವೊಂದಿದೆ. ಅದರ ಹದಿನೈದನೆಯ ಭಾಗದಲ್ಲಿ ಆತ ಈ ಹೋಲಿಕೆಯನ್ನು ಪೈಥಾಗೊರಸನ ಬಾಯಿಂದ ಹೇಳಿಸುತ್ತಾನೆ. ಹೌದು, ಹತ್ತನೇ ಇಯತ್ತೆಯಲ್ಲಿ ನಿಮ್ಮನ್ನು ಕಾಡಿದ ಪ್ರಮೇಯದ ಅದೇ ಪೈಥಾಗೊರಸ್. ವಸಂತವೆಂದರೆ ಹಾಲು ಕುಡಿಯುವ ಕೂಸು, ಬೇಸಿಗೆ ಕಸುವು ತುಂಬಿದ ತರುಣ, ಮುಂದಿನದು ಕಿವಿಯ ಮಗ್ಗುಲಲ್ಲಿ ನರೆ ಕಂಡ ಹದವಾದ ಗಂಡಸು, ಕಡೆಗೆ ಚಳಿಗಾಲ, ಅಂದರೆ ಕಾಲು ನಡುಗುವ, ತಲೆ ಬೋಳಾದ ಇಲ್ಲವೇ ಬೆಳ್ಳಗಾದ ಮುದುಕ. ಇಂಗ್ಲಿಷ್ ಕವಿ ಕೀಟ್ಸ್ 1818ರಲ್ಲಿ ಇದೇ ನಾಲ್ಕು ಋತುಗಳನ್ನು ಮನುಷ್ಯನ ಮನಸ್ಸಿಗೆ ಹೊಂದಿಸಿ ಸಾನೆಟ್ ಬರೆದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಇಪ್ಪತ್ತೈದಕ್ಕೆ ತೀರಿಕೊಂಡ. ಮುಪ್ಪಿನ ಚಳಿಗಾಲದ ಬಗ್ಗೆ ಬರೆದ ಹುಡುಗ ಅದರ ಹತ್ತಿರವೂ ಸುಳಿಯಲಿಲ್ಲ. ಹೋಲಿಕೆ ನಂಬುವ ಮುನ್ನ ಅದನ್ನು ಮಾಡಿದವರ ವಯಸ್ಸನ್ನೂ ಒಂದು ಸಲ ನೋಡಬೇಕು ಅಂತ ನಾನು ಹುಡುಗರಿಗೆ ಹೇಳುವುದುಂಟು.

ಕವಿಗಳಷ್ಟೇ ಅಲ್ಲ, ಮನಶ್ಶಾಸ್ತ್ರದವರೂ ಇದೇ ಮಾತು ಹಿಡಿದರು. ಅಮೆರಿಕದ ಡೇನಿಯಲ್ ಲೆವಿನ್ಸನ್ 1978ರಲ್ಲಿ ಗಂಡಸಿನ ಬದುಕಿನ ಋತುಗಳ ಬಗ್ಗೆ ಪುಸ್ತಕ ತಂದರು. 35ರಿಂದ 45ರ ನಡುವಿನ ನಲವತ್ತು ಗಂಡಸರನ್ನು ಕೂಡಿಸಿಕೊಂಡು, ತಾಸುಗಟ್ಟಲೆ ಮಾತಾಡಿಸಿ ಬರೆದದ್ದು. ನಡುವಯಸ್ಸಿನಲ್ಲಿ ಮನುಷ್ಯ ತಾನು ಕಟ್ಟಿದ್ದನ್ನೆಲ್ಲ ಒಮ್ಮೆ ತಿರುಗಿ ನೋಡಿ ಗಲಿಬಿಲಿಗೊಳ್ಳುತ್ತಾನೆ ಎಂಬುದನ್ನು ಅವರು ಚೆನ್ನಾಗಿ ತೋರಿಸಿದ್ದಾರೆ. ಹೆಂಗಸರ ಬದುಕಿನ ಋತುಗಳ ಪುಸ್ತಕ ಬಂದದ್ದು 1996ಕ್ಕೆ, ಅಷ್ಟೊತ್ತಿಗೆ ಲೆವಿನ್ಸನ್ ತೀರಿಕೊಂಡಿದ್ದರು. ಮೊದಲು ಗಂಡಸಿನ ಋತು, ಹದಿನೆಂಟು ವರ್ಷದ ಮೇಲೆ ಹೆಂಗಸಿನದು. ಇಲ್ಲಿ ಕೂತ ತಾಯಂದಿರು ನಗುತ್ತಿದ್ದೀರಿ, ನಗುವ ಮಾತೇ ಅದು.

ಅವರ ಹೋಲಿಕೆ ಅವರ ನೆಲಕ್ಕೆ ಸರಿಯಾಗಿಯೇ ಇದೆ. ಅಲ್ಲಿ ಡಿಸೆಂಬರ್ ಬಂತೆಂದರೆ ಗಿಡಗಳಲ್ಲಿ ಎಲೆ ಇಲ್ಲ, ಹೊಲದ ಮೇಲೆ ಹಿಮ, ನೆಲ ಕಲ್ಲಾಗಿರುತ್ತದೆ. ಅಂಥಲ್ಲಿ ಚಳಿಗಾಲ ಅಂದರೆ ಸಾವಿನ ನೆನಪು ಬರುವುದು ಸಹಜ. ಅದನ್ನು ಎತ್ತಿ ತಂದು ನಮ್ಮ ಸಭೆಯಲ್ಲಿ ಇಟ್ಟಾಗಲೇ ಅದು ಹಳಸುವುದು. ಇನ್ನು ನಮ್ಮ ಪಂಚಾಂಗದ ಆರು ಋತುಗಳಾದರೂ ಇಲ್ಲಿಗೆ ಹೊಂದುತ್ತವೆಯೇ? ಚೈತ್ರ ವೈಶಾಖ ವಸಂತ ಋತು ಅನ್ನುತ್ತದೆ ಪಂಚಾಂಗ. ಚೈತ್ರ ವೈಶಾಖದಲ್ಲಿ ನಮ್ಮೂರಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿರುತ್ತದೆ, ಹನ್ನೊಂದು ಗಂಟೆಯ ಮೇಲೆ ತಲೆಗೆ ಟಾವೆಲ್ ಸುತ್ತದೆ ಗಾಂಧಿ ಚೌಕಕ್ಕೆ ಹೋಗುವ ಧೈರ್ಯ ಯಾರಿಗೂ ಇಲ್ಲ. ಬೇವು ಹೂಬಿಡುತ್ತದೆ ನಿಜ. ಆದರೆ ಹೊಲ? ಹೊಲ ಬೆಂದು ಬಿದ್ದಿರುತ್ತದೆ. ನಮ್ಮಲ್ಲಿ ಭೂಮಿ ಸತ್ತಂತೆ ಕಾಣುವುದು ಕವಿಗಳ ಆ ವಸಂತದಲ್ಲೇ.

ಹಾಗಾದರೆ ನಮ್ಮ ಲೆಕ್ಕ ಯಾವುದು? ಇಲ್ಲಿ ಕೂತವರಲ್ಲಿ ಅರ್ಧ ಜನರಿಗೆ ಅದು ಬಾಯಿಪಾಠ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಅಷ್ಟು ದಿನದ ಮಳೆಗೆ ಆ ನಕ್ಷತ್ರದ ಹೆಸರು. ರೋಹಿಣಿ, ಮಿರಗ, ಆರಿದ್ರಿ ಅಂತ ಸುರುವಾಗಿ ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿಗೆ ಬಂದು ನಿಲ್ಲುತ್ತದೆ. ಜೂನ್ ಮೊದಲ ವಾರದ ಕೊನೆಗೆ ಕೂಡುವ ಮಿರಗದಿಂದ ಮುಂಗಾರಿ, ಸೆಪ್ಟೆಂಬರ್ ನಡುವಿನಿಂದ ಹಿಂಗಾರಿ. ವರ್ಷಕ್ಕೆ ನಮಗೆ ಬೀಳುವುದು ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಇದರ ಹತ್ತು ಪಟ್ಟಿಗಿಂತ ಹೆಚ್ಚು. ಇದ್ದ ಇಷ್ಟರಲ್ಲೂ ಬೇರೆಲ್ಲ ತಿಂಗಳಿಗಿಂತ ಹೆಚ್ಚು ಬರುವುದು ಸೆಪ್ಟೆಂಬರಿನಲ್ಲಿ, ಅಂದರೆ ಉಳಿದ ನಾಡಿನಲ್ಲಿ ಮಳೆಗಾಲ ಗಂಟುಮೂಟೆ ಕಟ್ಟುವ ಹೊತ್ತಿಗೆ. ಹೀಗಾಗಿ ಈ ನೆಲದ ದೊಡ್ಡ ಬೆಳೆ ಹಿಂಗಾರಿ ಬಿಳಿಜೋಳ. ‘ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ’ ಅನ್ನುವ ಗಾದೆ ಈ ಜೋಳದ್ದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಮನೆತನ ಒಕ್ಕಲುತನದ್ದು. ಆದ್ದರಿಂದ ಈ ಜೋಳದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಆಳದ ಎರಿ ಹೊಲದಲ್ಲಿ ಮುಂಗಾರಿಯಲ್ಲಿ ಬಹಳ ಸಲ ಏನೂ ಬಿತ್ತುವುದಿಲ್ಲ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಹೊಲ ಬರಿದು. ಊರಿಗೆ ಹೊಸದಾಗಿ ಬಂದವರು ನೋಡಿದರೆ ‘ಇದೇನು, ಮಳೆಗಾಲದಲ್ಲಿ ಹೊಲ ಬೀಳು ಬಿಟ್ಟಿದ್ದಾರಲ್ಲ’ ಅಂದುಕೊಳ್ಳಬೇಕು. ಬೀಳು ಬಿಟ್ಟದ್ದಲ್ಲ. ಒಂದು ಮಳೆ ಬಿತ್ತು, ನೆಲ ಹದಕ್ಕೆ ಬಂತು, ಕುಂಟಿ ಹೊಡೆದು ಹರಗಿದರು. ಕಸ ಸತ್ತಿತು, ಮೇಲಿನ ಮಣ್ಣು ಸಡಿಲಾಯಿತು, ಮುಂದಿನ ಮಳೆ ಒಳಗಿಳಿಯಿತು. ಮತ್ತೊಂದು ಮಳೆ, ಮತ್ತೊಮ್ಮೆ ಹರಗುವುದು. ಒಡ್ಡು ಗಟ್ಟಿ ಇದ್ದರೆ ನೀರು ಹರಿದು ಹೋಗದೆ ಅಲ್ಲೇ ಇಂಗುತ್ತದೆ. ಎರಿ ಮಣ್ಣಿಗೆ ಕುಡಿದ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಗುಣವಿದೆ. ಕಣ್ಣಿಗೆ ಒಂದು ಹಸಿರು ಕಡ್ಡಿಯೂ ಕಾಣದ ಆ ಮೂರು ತಿಂಗಳಲ್ಲಿ ಹೊಲ ಕುಡಿಯುತ್ತ ಕೂತಿರುತ್ತದೆ.

ಆಮೇಲೆ ಉತ್ತರಿ, ಹಸ್ತಿ, ತಡವಾದರೆ ಚಿತ್ತಿ ಮಳೆಗೆ ಕೂರಿಗಿ ಹೊಲಕ್ಕೆ ಇಳಿಯುತ್ತದೆ. ಬಿತ್ತಿದ ಮೇಲೆ ಒಂದೋ ಎರಡೋ ಮಳೆ ಬಂದರೆ ಪುಣ್ಯ. ಅದಾದ ಮೇಲೆ ನಾಲ್ಕು ತಿಂಗಳ ಬೆಳೆ ಹೆಚ್ಚುಕಡಿಮೆ ಮಳೆಯೇ ಇಲ್ಲದೆ ನಿಲ್ಲಬೇಕು. ‘ನಮ್ಮ ಜ್ವಾಳ ಇಬ್ಬನಿಗೆ ಬೆಳಿತೈತಿ’ ಅನ್ನುತ್ತಾರೆ ಹಿರಿಯರು. ಮಾತು ಚೆಂದ, ಆದರೆ ಮೇಷ್ಟ್ರಾಗಿ ನಾನು ತಿದ್ದಲೇಬೇಕು. ಬೆಳೆಯುವುದು ನೆಲದೊಳಗಿನ ಹಸಿಗೆ. ಬೇರು ಮೂರು ನಾಲ್ಕು ಅಡಿ ಕೆಳಗಿಳಿದು, ಜುಲೈ ಆಗಸ್ಟಿನಲ್ಲಿ ಬಿದ್ದ ಮಳೆಯನ್ನು ಡಿಸೆಂಬರಿನಲ್ಲಿ ಕುಡಿಯುತ್ತದೆ. ಎರಿ ಹೊಲ ಒಣಗುತ್ತ ಬಿರುಕು ಬಿಡುತ್ತದೆ, ಕಾಲು ಹೋಗುವಷ್ಟು ಬಿರುಕು. ಅದರೊಳಗಿಂದ ಹಸಿ ಆರಿ ಹೋಗುತ್ತದೆ. ಅದಕ್ಕೇ ಸಾಲಿನ ನಡುವೆ ಎಡಿ ಹೊಡೆದು ಬಿರುಕು ಮುಚ್ಚುತ್ತಾರೆ. ಹಿಂಗಾರಿಯ ಒಕ್ಕಲುತನ ಅಂದರೆ ಮುಕ್ಕಾಲು ಪಾಲು ಇದೇ. ಹೊಸ ನೀರು ತರುವ ಮಾತಿಲ್ಲ, ಇದ್ದ ಹಸಿ ಕಾಯುವ ಮಾತು.

ಇನ್ನು ಎಳ್ಳಮಾವಾಸ್ಯೆ. ಸಾಮಾನ್ಯವಾಗಿ ಡಿಸೆಂಬರ್ ಕೊನೆ, ಇಲ್ಲವೇ ಜನವರಿ. ಓವಿಡ್‌ನ ಊರಲ್ಲಿ ಮುದುಕ ನಡುಗುತ್ತಿರುವ ಹೊತ್ತು. ನಮ್ಮಲ್ಲಿ ಆ ದಿನ ಊರಿಗೂರೇ ಹೊಲದಲ್ಲಿರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಪುಂಡಿ ಪಲ್ಯ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗಿ ಬುಟ್ಟಿ ತುಂಬಿಕೊಂಡು ಹೋಗಿ, ಬನ್ನಿ ಗಿಡದ ಬುಡಕ್ಕೆ ಕಲ್ಲಿಟ್ಟು ಪೂಜಿಸಿ, ಬೆಳೆಯ ನಡುವೆ ಚರಗ, ಅಂದರೆ ಭೂಮಿಗೆ ಕೊಡುವ ಎಡೆ, ಚೆಲ್ಲುತ್ತ ಬರುತ್ತಾರೆ. ಚರಗ ಯಾಕೆ? ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸಬೇಕು. ಧಾರವಾಡ, ಬೆಳಗಾವಿ ಕಡೆ ಇದೇ ಭಾವನೆಯಿಂದ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುತ್ತಾರೆ, ನಮ್ಮಲ್ಲಿ ಎಳ್ಳಮಾವಾಸ್ಯೆಗೇ ಜೋರು. ಜಗತ್ತಿನ ಅರ್ಧ ಸಾಹಿತ್ಯ ಚಳಿಗಾಲವನ್ನು ಮುದುಕ ಅನ್ನುತ್ತಿರುವಾಗ ನಾವು ಅದೇ ತಿಂಗಳಲ್ಲಿ ಭೂಮಿಗೆ ಕುಬುಸ (ಸೀಮಂತ) ಮಾಡುತ್ತಿದ್ದೇವೆ!

ಅದರ ಹಿಂದೆಯೇ ಸೀತನಿ. ಹುಡುಗರೇ, ನಿಮ್ಮಲ್ಲಿ ಎಷ್ಟು ಜನ ಸೀತನಿ ತಿಂದಿದ್ದೀರಿ, ಕೈ ಎತ್ತಿ. ಪರವಾಗಿಲ್ಲ, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ತೆನೆಯೊಳಗೆ ಹಾಲು ತುಂಬಿ, ಅದು ಗಟ್ಟಿ ಕಾಳಾಗುವ ಮುಂಚಿನ ಕೆಲವೇ ದಿನಗಳ ಸಂಗತಿ ಇದು. ಉಗುರಿನಿಂದ ಕಾಳು ಒತ್ತಿದರೆ ಹಾಲು ಚಿಮ್ಮಬಾರದು, ಬೆಣ್ಣೆಯ ಹಾಗೆ ಮೆತ್ತಗೆ ಒಡೆಯಬೇಕು. ಅದೇ ಹದ. ಹೊಲದಲ್ಲೇ ಕುಣಿ ತೋಡಿ, ಕುಳ್ಳಿನ ಬೆಂಕಿ ಮಾಡಿ, ಕೆಂಡ ಬೂದಿ ಮುಚ್ಚಿದ ಮೇಲೆ ತೆನೆಗಳನ್ನು ಅದರಲ್ಲಿ ಹೂಳುತ್ತಾರೆ. ಹೊರಗೆ ತೆಗೆದವರು ಬಿಸಿ ತೆನೆಯನ್ನು ಅಂಗೈಯಲ್ಲೇ ತಿಕ್ಕುತ್ತಾರೆ, ಹೊಟ್ಟು ಊದುತ್ತಾರೆ. ಹಸಿರು ಮಾಸದ ಕಾಳು, ಹೊಗೆಯ ವಾಸನೆ, ಒಳಗೆ ಸಿಹಿ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಬೇಕಾದವರಿಗೆ ಬಳ್ಳೊಳ್ಳಿ ಖಾರ. ಇಡೀ ವರ್ಷದಲ್ಲಿ ಈ ನೆಲ ಕೊಡುವ ಅತಿ ಸಿಹಿ ತುತ್ತು ಬರುವುದು ಮಾಗಿಯ ಚಳಿಯಲ್ಲಿ, ಮಳೆ ನಿಂತು ಎರಡು ತಿಂಗಳಾದ ಮೇಲೆ.

ಈಗ ವಯಸ್ಸಿನ ಮಾತಿಗೆ ಬರೋಣ. ಸ್ವಾತಂತ್ರ್ಯ ಬಂದ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದವರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸು. ಆಗ ಮುದುಕರೇ ಇರಲಿಲ್ಲ ಅಂತ ಇದರ ಅರ್ಥವಲ್ಲ. ಕೂಸುಗಳು ಸಾಯುತ್ತಿದ್ದುದು ವಿಪರೀತ, ಆ ಲೆಕ್ಕ ಸರಾಸರಿಯನ್ನು ಕೆಳಗೆಳೆಯುತ್ತಿತ್ತು. ಈಗ ಅದು ಎಪ್ಪತ್ತರ ಹತ್ತಿರ ಬಂದಿದೆ. ಸರ್ಕಾರಿ ನೌಕರ ಅರವತ್ತಕ್ಕೆ ಮನೆಗೆ ಬರುತ್ತಾನೆ, ಗಟ್ಟಿಮುಟ್ಟಾಗಿದ್ದರೆ ಮುಂದೆ ಹದಿನೈದು ಇಪ್ಪತ್ತು ವರ್ಷ ಕೈಯಲ್ಲಿರುತ್ತವೆ. ಅಷ್ಟು ದೊಡ್ಡ ಕಾಲವನ್ನು ನಾವು ‘ಕೊನೆ’ ಅಂತ ಕರೆಯುತ್ತಿದ್ದೇವೆ. ನಮ್ಮ ನಿವೃತ್ತ ಗೆಳೆಯರಲ್ಲಿ ಕೆಲವರು ಆದೇಶ ಬಂದ ಮರುದಿನದಿಂದಲೇ ದನಿ ಸಣ್ಣ ಮಾಡಿಕೊಂಡು ಮಾತಾಡುತ್ತಾರೆ. ‘ಇನ್ನೇನೈತ್ರಿ ನಮ್ದು, ಮುಗೀತು.’ ಮುಗಿದದ್ದು ಮುಂಗಾರಿ. ಹಿಂಗಾರಿ ಬಿತ್ತುವ ಹೊತ್ತಿಗೆ ಕೂರಿಗಿ ಅಟ್ಟಕ್ಕೆ ಏರಿಸುವ ರೈತನನ್ನು ಊರಲ್ಲಿ ಏನಂತಾರೆ ನಿಮಗೆ ಗೊತ್ತು.

ಇದನ್ನು ಹೇಳುವಾಗ ನನಗೆ ಅಳುಕೂ ಇದೆ. ಬಿತ್ತಿರಿ ಬಿತ್ತಿರಿ ಅಂದರೆ ಸಾಲದು, ನೆಲದೊಳಗೆ ಹಸಿ ಇರಬೇಕು. ಆರೋಗ್ಯ, ಕಲಿತ ಒಂದು ಕಸುಬು, ಓದುವ ಚಟ, ಜಗಳಾಡಿದರೂ ಬಿಟ್ಟುಹೋಗದ ನಾಲ್ಕು ಗೆಳೆಯರು, ಸ್ವಲ್ಪ ರೊಕ್ಕ. ಇವೆಲ್ಲ ಇಪ್ಪತ್ತರಿಂದ ಐವತ್ತರೊಳಗೆ ಇಂಗಿದ್ದು. ಒಡ್ಡು ಇಲ್ಲದ ಹೊಲದವರೂ ನಮ್ಮ ನಡುವೆ ಇದ್ದಾರೆ, ಅವರ ತಪ್ಪಿನಿಂದಲೇ ಒಡ್ಡು ಇಲ್ಲ ಅಂತ ಹೇಳಲಿಕ್ಕಾಗದು. ಹಮಾಲಿ ಮಾಡಿ ಬೆನ್ನು ಬಿದ್ದವನಿಗೆ, ಪಿಂಚಣಿ ಇಲ್ಲದವನಿಗೆ ನಾನು ಹಿಂಗಾರಿಯ ಸೊಬಗು ವರ್ಣಿಸಿದರೆ ಅವನು ನನ್ನನ್ನು ಬೈದರೂ ನ್ಯಾಯವೇ.

ನಮ್ಮ ಆಯುರ್ವೇದದವರೂ ವಯಸ್ಸು ಮತ್ತು ಋತುವನ್ನು ಜೋಡಿಸಿದ್ದಾರೆ, ಆದರೆ ಬೇರೆಯೇ ರೀತಿ. ಸುಶ್ರುತನಿಗೆ ಹದಿನಾರರವರೆಗೆ ಬಾಲ್ಯ, ಎಪ್ಪತ್ತರವರೆಗೆ ಮಧ್ಯ ವಯಸ್ಸು. ಚರಕನಿಗೆ ಮೂವತ್ತರವರೆಗೂ ಬಾಲ್ಯ, ಅಲ್ಲಿಯವರೆಗೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಅನ್ನುತ್ತಾನೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದಾರೆ, ಮನೆಗೆ ಹೋಗಿ ಚರಕನ ಹೆಸರು ಹೇಳಿ ತಪ್ಪಿಸಿಕೊಳ್ಳುವ ವಿಚಾರ ಕಾಣುತ್ತದೆ. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಮೇಲುಗೈ ಅನ್ನುವುದು ಅವರ ಮತ. ಅದೇ ಶಾಸ್ತ್ರದ ಪ್ರಕಾರ ಕಫ ಕೆರಳುವುದು ವಸಂತದಲ್ಲಿ, ಪಿತ್ತ ಶರದೃತುವಿನಲ್ಲಿ, ವಾತ ಮಳೆಗಾಲದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಪ್ಪಿಗೆ ಸಿಗುವ ಋತು ಚಳಿಗಾಲವಲ್ಲ, ಮಳೆಗಾಲ. ಮೋಡ ಕವಿದ ಕೂಡಲೇ ಮೊಣಕಾಲು ಹಿಡಿದುಕೊಳ್ಳುವ ನಮ್ಮ ಹಿರಿಯರಿಗೆ ಇದು ಸಾಕ್ಷಿ ಬೇಡದ ಮಾತು. ಇದನ್ನು ವಿಜ್ಞಾನದ ಸಿದ್ಧಾಂತವಾಗಿ ನಾನು ಹೇಳುತ್ತಿಲ್ಲ. ಒಂದೇ ವಯಸ್ಸಿಗೆ ರೋಮಿನವನು ಒಂದು ಋತು ಕೊಟ್ಟ, ನಮ್ಮ ವೈದ್ಯ ಇನ್ನೊಂದು ಕೊಟ್ಟ, ನಮ್ಮ ಒಕ್ಕಲಿಗ ಮತ್ತೊಂದು. ಋತು ವಯಸ್ಸಿಗೆ ಅಂಟಿಕೊಂಡು ಹುಟ್ಟಿದ್ದಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಮ್ಮ ಹೆಣ್ಣುಮಕ್ಕಳ ಲೆಕ್ಕ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಜೊತೆಗಾರರು, ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿದರು. ನಮ್ಮ ಕಡೆ ಮನೆಮನೆಯಲ್ಲೂ ಬಾಯಲ್ಲಿರುವ ಎರಡು ಹಾಡು ನೆನಪಿಸಿಕೊಳ್ಳಿ.

ಕೂಸು ಇದ್ದ ಮನಿಗೆ ಬೀಸಣಿಕಿ ಯಾತಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಕಿ ಗಾಳಿ ಸುಳಿದಾವ

ಬ್ಯಾಸಗಿ ದಿವಸಕ ಬೇವಿನ ಮರ ತಂಪ
ಭೀಮಾರತಿಯೆಂಬ ಹೊಳಿ ತಂಪ ಹಡೆದವ್ವ
ನೀ ತಂಪ ನನ್ನ ತವರೀಗೆ

ಎರಡರಲ್ಲೂ ಋತು ಒಂದೇ, ಬ್ಯಾಸಗಿ. ಭೀಮಾ ತೀರದ ಬಿಸಿಲು ತಿಂದ ಹೆಂಗಸು ಕಟ್ಟಿದ ಹಾಡು, ಬೇರೆ ಋತು ಎಲ್ಲಿಂದ ಬರಬೇಕು? ಆಕೆ ಕೂಸನ್ನು ವಸಂತ ಅನ್ನಲಿಲ್ಲ, ತಾಯಿಯನ್ನು ಚಳಿಗಾಲ ಅನ್ನಲಿಲ್ಲ. ಬಿಸಿಲು ಆಕೆಯ ಪಾಲಿನದು, ಆಕೆಯ ನಡುವಯಸ್ಸಿನದು. ಕೆಳಗೊಂದು ಕೂಸು ಗಾಳಿ ಬೀಸುತ್ತದೆ, ಮೇಲೊಬ್ಬ ಮುದುಕಿ ನೆರಳು ಹಿಡಿಯುತ್ತಾಳೆ. ಓವಿಡ್‌ನಲ್ಲೂ ಕೀಟ್ಸ್‌ನಲ್ಲೂ ಮನುಷ್ಯ ಒಬ್ಬನೇ ನಾಲ್ಕು ಋತು ದಾಟುತ್ತಾನೆ, ಜೊತೆಗೆ ಯಾರೂ ಇಲ್ಲ. ತ್ರಿಪದಿಯಲ್ಲಿ ಒಂದು ಋತುವಿನೊಳಗೆ ಮೂರು ವಯಸ್ಸು ಒಟ್ಟಿಗೆ ಇವೆ. ನೀನು ಈಗ ಯಾವ ಋತುವಿನಲ್ಲಿದ್ದೀ ಅಂತ ಈ ಹಾಡು ಕೇಳುವುದಿಲ್ಲ. ಈ ಬಿಸಿಲಿನಲ್ಲಿ ಮನೆಗೆ ನೀನು ಏನಾಗಿದ್ದೀ ಅಂತ ಕೇಳುತ್ತದೆ. ಅಕ್ಷರ ಬಾರದ ತಾಯಂದಿರು ಬೀಸುತ್ತ ಬೀಸುತ್ತ ಇಷ್ಟು ದೂರ ಯೋಚಿಸಿದ್ದಾರೆ.

ನಮ್ಮ ಆಯಿಯದೊಂದು, ಅಂದರೆ ಅಜ್ಜಿಯದೊಂದು, ಸಂಗತಿ ಹೇಳಬೇಕು. ಆಕೆಯನ್ನು ಗಂಡನ ಮನೆಗೆ ಕಳಿಸಿದಾಗ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲವಂತೆ. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷದ ಗಡಿ ಹಾಕಿತ್ತು, ಆದರೆ ಕಾಯ್ದೆ ನಮ್ಮೂರ ತನಕ ನಡೆದು ಬರಲು ಬಹಳ ಕಾಲ ಹಿಡಿಯಿತು. ಬಾಲ್ಯದಿಂದ ನೇರ ಒಲೆಯ ಮುಂದೆ. ಆಕೆಗೆ ಹರೆಯ ಅನ್ನುವ ಋತುವೇ ಇರಲಿಲ್ಲ. ಆದರೆ ನಾಗರ ಪಂಚಮಿ ಬಂದರೆ ಎಪ್ಪತ್ತರ ಆಯಿ ಸೆರಗು ಸಿಕ್ಕಿಸಿಕೊಂಡು ಬೇವಿನ ಗಿಡದ ಜೋಕಾಲಿ ಏರುತ್ತಿದ್ದಳು. ‘ಜೋರ ತೂಗಲೇ ಹುಡುಗಾ, ಅನ್ನ ಉಂಡಿಲ್ಲೇನ?’ ಅಂತ ನನಗೇ ಗದರಿಸುತ್ತಿದ್ದಳು. ಊರಲ್ಲಿ ಯಾರೂ ನಗುತ್ತಿರಲಿಲ್ಲ, ಪಂಚಮಿಯಲ್ಲಿ ಅದು ನಡೆಯುತ್ತದೆ. ಹೋಳಿಯಲ್ಲಿ ಬಾಗಲಕೋಟೆಯ ಹಿರಿಯರು ಹಲಗಿ ಬಾರಿಸುತ್ತ ನಿಂತಾಗ ವಯಸ್ಸು ಕೇಳುವವರು ಯಾರು? ವರ್ಷದ ಚಕ್ರ ತಿರುಗಿ ಬಂದಾಗಲೆಲ್ಲ ಕೈತಪ್ಪಿದ ವಯಸ್ಸನ್ನು ಒಂದೆರಡು ದಿನದ ಮಟ್ಟಿಗೆ ವಾಪಸು ಕೊಡುವ ಏರ್ಪಾಟು ನಮ್ಮ ಹಬ್ಬಗಳಲ್ಲಿದೆ.

ಒಂದೆರಡು ದಿನ ಮಾತ್ರ. ಈಗಲೂ ಕದ್ದುಮುಚ್ಚಿ ಹದಿನೆಂಟು ತುಂಬದ ಹುಡುಗಿಯರ ಮದುವೆ ನಡೆಯುವುದು ಇಲ್ಲಿ ಕೂತ ಎಲ್ಲರಿಗೂ ಗೊತ್ತು. ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಗುಳೆ ಹೋಗುವವರು ದಸರೆಯ ಹಿಂದೆಮುಂದೆ ಲಾರಿ ಹತ್ತಿದರೆ ಬರುವುದು ಬೇಸಿಗೆಗೆ. ಅವರ ಜೊತೆ ಹೋದ ಮಕ್ಕಳಿಗೆ ಅದು ಸುಗ್ಗಿಯೂ ಅಲ್ಲ, ಶಾಲೆಯೂ ಅಲ್ಲ. ಹರಗಬೇಕಾದ ಕಾಲದಲ್ಲಿ ಹೊಲವನ್ನೇ ಹೊತ್ತು ಒಯ್ದ ಹಾಗೆ. ಋತುಗಳ ಬಗ್ಗೆ ಸಭೆ ಮಾಡುವವರು ಈ ಮಕ್ಕಳನ್ನು ಬಿಟ್ಟು ಮಾತಾಡಿದರೆ ಆ ಮಾತು ಅರ್ಧ.

ಹೋಲಿಕೆ ಎಲ್ಲಿ ಮುರಿಯುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಲಕ್ಕೆ ಮುಂದಿನ ವರ್ಷ ಮತ್ತೆ ಮಿರಗ ಬರುತ್ತದೆ, ನಮಗೆ ಬರುವುದಿಲ್ಲ. ಬೇಂದ್ರೆಯವರು ಯುಗಾದಿಯ ಕವಿತೆಯಲ್ಲಿ ಎತ್ತಿದ ಪ್ರಶ್ನೆ ಇದೇ. ಗಿಡಮರಗಳಿಗೆ ವರ್ಷವರ್ಷವೂ ಸಿಗುವ ಹೊಸತನ ನಮಗೇಕೆ ಒಂದೇ ಸಲ? ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ‘ನೆರೆ ಕೆನ್ನೆಗೆ ತೆರೆ ಗಲ್ಲಕೆ ಶರೀರ ಗೂಡುವೋಗದ ಮುನ್ನ’ ಅಂತ ಸುರು ಮಾಡಿ ‘ಮುನ್ನ, ಮುನ್ನ’ ಅಂತ ಅವಸರಿಸಿದ್ದೂ ಇದಕ್ಕೇ. ಈ ವಚನವನ್ನು ಮುದುಕರ ಮುಂದೆ ಹಾಡಿ ಅವರನ್ನು ಹೆದರಿಸುವ ರೂಢಿ ನಮ್ಮಲ್ಲಿ ಬಂದಿದೆ. ಓದಿ ನೋಡಿದರೆ ಅದು ಹಲ್ಲು ಗಟ್ಟಿ ಇದ್ದವರಿಗೆ ಹೇಳಿದ ವಚನ. ಮುಂದಿನ ಸಾಲುಗಳಲ್ಲಿ ಕೂತ ಕಾಲೇಜಿನವರು ಕೇಳಿಸಿಕೊಳ್ಳಬೇಕಾದದ್ದು.

ಮತ್ತೆ ಬರದ ಸುಗ್ಗಿಯನ್ನು ಹೇಗೆ ಮುಗಿಸಬೇಕು ಅನ್ನುವುದಕ್ಕೆ ನಮ್ಮೂರವರು ದೂರ ಹೋಗಬೇಕಿಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ಹೊಲದಲ್ಲಿ ಜೋಳ ತೆನೆಯಾಗಿದ್ದ ಸಮಯ. ದೇಹವನ್ನು ಅಗ್ನಿಗೆ ಕೊಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಅವರು ವರ್ಷಗಳ ಮೊದಲೇ ಬರೆದಿಟ್ಟಿದ್ದರು. ಮರುದಿನ ಅವರ ಅಂತಿಮ ದರ್ಶನಕ್ಕೆ ಸೈನಿಕ ಶಾಲೆಯ ಮೈದಾನದಲ್ಲಿ ನಿಂತಿದ್ದವರಿಗೆ ನಾನು ಹೆಚ್ಚು ವಿವರಿಸುವುದು ಬೇಡ.

ಇನ್ನು ಪ್ರಶ್ನೆಗಳು. ಮೊದಲು ಎದ್ದವಳು ಬಿ.ಎಸ್ಸಿ. ಓದುವ ಹುಡುಗಿ. ‘ಸರ್, ಮುಂಗಾರ್ಯಾಗ ಹೊಲ ಬರೀದ ಇರ್ತೈತಿ ಅಂದ್ರಿ. ಮನ್ಯಾಗ ಹಂಗ ಬಿಡೂದಿಲ್ರಿ. ಡಿಗ್ರಿ ಮುಗಿಯೋದ್ರಾಗ ನೌಕರಿ ಎಲ್ಲಿ, ಲಗ್ನ ಯಾವಾಗ ಅಂತಾರ.’ ನಾನು ಅಂದೆ: ‘ಬೀಳು ಬಿಟ್ಟ ಹೊಲ, ಹರಗಿ ಬಿಟ್ಟ ಹೊಲ, ಎರಡೂ ರಸ್ತೆಯಿಂದ ನೋಡಿದವರಿಗೆ ಒಂದೇ ಥರ ಕಾಣುತ್ತವೆ ತಂಗಿ. ರೈತ ಒಳಗಿಳಿದು ಮಣ್ಣು ಕೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ನಿಂತರೆ ಹಸಿ ಇದೆ. ನೀನು ಮನೆಯವರಿಗೆ ಏನು ಓದುತ್ತಿದ್ದೀ, ಏನು ಕಲಿತೆ ಅಂತ ಕೂತು ತೋರಿಸು. ರಸ್ತೆಯವರಿಗೆ ತೋರಿಸುವ ಅಗತ್ಯವಿಲ್ಲ.’ ಆಕೆಯ ಪಕ್ಕದವಳು ‘ನಮ್ಮಪ್ಪ ರಸ್ತೆಯವರ ಮಾತೇ ಕೇಳೋದು ಸರ್’ ಅಂದಳು. ಸಭೆ ನಕ್ಕಿತು. ಅಪ್ಪಂದಿರು ಸ್ವಲ್ಪ ಕಡಿಮೆ ನಕ್ಕರು.

ಎರಡನೆಯವರು ಒಬ್ಬ ಹಿರಿಯ ತಾಯಿ. ‘ಮಕ್ಕಳಿಬ್ಬರೂ ಒಬ್ಬ ಪುಣೆದಾಗ, ಒಬ್ಬ ಬೆಂಗಳೂರಾಗ. ರೊಕ್ಕ ಕಳಸ್ತಾರ್ರಿ, ಅದಕ್ಕ ಕೊರತಿ ಇಲ್ಲ. ಆದ್ರ ನೀವು ಹೇಳೋ ಬೇವಿನ ನೆಳ್ಳಾಗ ಕೂಡ್ರಾಕ ಯಾರದಾರ?’ ತಂದೆತಾಯಿಯರ ಪಾಲನೆಗೆ 2007ರ ಕಾಯ್ದೆ ಇದೆ, ಹಿರಿಯರ ಸಹಾಯವಾಣಿ 14567 ಇದೆ. ಅವು ಬೇಕಾದವರಿಗೆ ದೊಡ್ಡ ಆಸರೆ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ತಾಯಿ ಕೇಳಿದ್ದಕ್ಕೆ ಅವು ಉತ್ತರವಲ್ಲ. ನಾನು ಅವರಿಗೆ ಕೇಳಿದೆ, ನಿಮ್ಮ ಓಣಿಯಲ್ಲಿ ಕೂಸುಗಳು ಎಷ್ಟಿವೆ ಅಂತ. ‘ಭಾಳ ಅದಾವ, ಸಂಜೀಕ ಗದ್ದಲ ಮಾಡ್ತಾವ’ ಅಂದರು. ತ್ರಿಪದಿಯಲ್ಲಿ ಕೂಸು ಹೆತ್ತದ್ದೇ ಆಗಿರಬೇಕು ಅಂತ ಎಲ್ಲಿಯೂ ಇಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದರು, ಒಪ್ಪಿಯೋ ಒಪ್ಪದೆಯೋ ಅಂತ ತಿಳಿಯಲಿಲ್ಲ.

ಕೊನೆಗೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಎದ್ದರು. ‘ಗುರುಗಳ, ನಿಮ್ಮ ಲೆಕ್ಕ ಒಣಬೇಸಾಯದ್ದು. ನಮ್ಮಲ್ಲಿ ಕಾಲುವಿ ಬಂತು, ಬೋರು ಬಂತು, ಡ್ರಿಪ್ ಬಂತು. ಮುಂಗಾರಿ ಹಿಂಗಾರಿ ಯಾವುದೂ ಉಳದಿಲ್ಲ. ದ್ರಾಕ್ಷಿ ಬಳ್ಳಿಗೆ ವರ್ಷಕ್ಕ ಎರಡು ಸಲ ಕತ್ರಿ ಹಾಕ್ತೀವಿ, ಏಪ್ರಿಲ್‌ದಾಗ ಒಮ್ಮಿ, ಅಕ್ಟೋಬರ್‌ದಾಗ ಒಮ್ಮಿ. ಮೊದಲನೇದು ಕಡ್ಡಿ ಬಲೀಲಿ ಅಂತ, ಎರಡನೇದು ಹಣ್ಣಿಗೆ. ಕತ್ರಿ ಹಾಕದಿದ್ರ ಬಳ್ಳಿ ಬರೇ ಎಲಿ ಬಿಡತೈತಿ. ಮನುಷ್ಯಾಗೂ ಹಂಗ ಅಲ್ಲೇನ್ರಿ?’

ಸಭೆಯಲ್ಲಿ ಅವತ್ತಿನ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ನೀರಾವರಿ ಬಂದ ಬದುಕಿಗೆ ಬೇರೆ ಉಪನ್ಯಾಸವೇ ಬೇಕು, ಅದನ್ನು ನೀವೇ ಕೊಡಬೇಕು ಅಂತ ನಾನು ಅವರಿಗೆ ಹೇಳಿದೆ. ‘ಅಕ್ಟೋಬರ್ ಕತ್ರಿ ಮುಗೀಲಿ, ಆಮ್ಯಾಲ ಬರ್ತೀನಿ’ ಅಂದರು. ಸಂಘಟಕರು ಅವರ ನಂಬರ್ ಬರೆದುಕೊಂಡಿದ್ದಾರೆ.